ಜನರನ್ನು ಕೇಳುವ ಮುಂಚೆ, ಹೇಗೆ ಕೇಳಬೇಕು ಅಂತ ಕೇಳಿ

ಪ್ರಶ್ನೆ: ನಾನು ತುಮಕೂರಿನ ಒಂದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ರಸ್ತೆ, ಚರಂಡಿ, ಪಾರ್ಕ್ ಅಂತ ವರ್ಷಕ್ಕೆ ಎರಡು ಮೂರು ಸಲ ಒಂದಲ್ಲ ಒಂದು ಇಲಾಖೆಯವರು ಸಭೆಗೆ ಕರೆಯುತ್ತಾರೆ. ಹೋಗುತ್ತೇವೆ, ಮಾತಾಡುತ್ತೇವೆ, ಸಹಿ ಹಾಕುತ್ತೇವೆ, ಕಾಫಿ ಕುಡಿದು ಬರುತ್ತೇವೆ. ಆಮೇಲೆ ಏನಾಯ್ತು ಅಂತ ಹೇಳುವವರು ಯಾರೂ ಇಲ್ಲ. ಹೋದ ಸಲ ಸೇರಿದ್ದು 14 ಜನ, ಎಲ್ಲರೂ 60 ದಾಟಿದವರು. ಈಗ ನಾವು ನಾಲ್ಕೈದು ಸಂಘದವರು ಸೇರಿ, ‘ಊರಿನ ಕೆಲಸಕ್ಕೆ ಜನರನ್ನು ಹೇಗೆ ಕೇಳಬೇಕು ಅನ್ನುವುದಕ್ಕೇ ಒಂದು ನಿಯಮ ಇರಲಿ, ಅದನ್ನು ನಾವೇ ಬರೆದು ಪಾಲಿಕೆಗೆ ಕೊಡೋಣ’ ಅಂದುಕೊಂಡಿದ್ದೇವೆ. ಇದು ಆಗೋ ಕೆಲಸಾನಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆಗೋ ಕೆಲಸವೇ. ಆದರೆ ‘ನಾವೇ ಬರೆದು’ ಅಂದಿದ್ದೀರಲ್ಲ, ಅಲ್ಲಿ ನಾನು ಸ್ವಲ್ಪ ನಿಂತೆ. ಈ ‘ನಾವು’ ಅಂದರೆ ಯಾರು? ಅದಕ್ಕೆ ಆಮೇಲೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ 14 ಜನರ ವಿಷಯ. ಸಭೆ ಎಷ್ಟು ಗಂಟೆಗಿತ್ತು ಅಂತ ನೀವು ಬರೆದಿಲ್ಲ. ಆದರೂ ಊಹಿಸಬಲ್ಲೆ: ಕೆಲಸದ ದಿನ, ಬೆಳಗ್ಗೆ 11. ಸರ್ಕಾರಿ ಸಭೆಗೆ ಅದೇ ಶುಭ ಮುಹೂರ್ತ. ಆ ಹೊತ್ತಿಗೆ ನಿಮ್ಮ ಊರಿನಲ್ಲಿ ಯಾರು ಎಲ್ಲಿರುತ್ತಾರೆ ಒಂಚೂರು ಯೋಚನೆ ಮಾಡಿ. ರೈಲ್ವೆ ಪಾಸಿನವರು ಬೆಳಗ್ಗೆಯೇ ಬೆಂಗಳೂರಿನ ಗಾಡಿ ಹತ್ತಿಯಾಗಿದೆ, ಮನೆ ಸೇರುವುದು ಕತ್ತಲಾದ ಮೇಲೆ. ವಸಂತನರಸಾಪುರದ ಫ್ಯಾಕ್ಟರಿಯವರು ಶಿಫ್ಟಿನಲ್ಲಿ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋಗಿ ತರಕಾರಿ ತಂದವರು ತಳ್ಳುಗಾಡಿ ಹಿಡಿದು ಬೀದಿಯಲ್ಲಿ. ಹುಡುಗರು ಕಾಲೇಜಿನಲ್ಲಿ. ಮನೆಯಲ್ಲಿರುವ ಹೆಂಗಸರು ಬರಬಹುದಲ್ವಾ ಅಂದರೆ, ಅವತ್ತು ನೀರು ಬಿಡುವ ದಿನವಾದರೆ ಅವರು ಸಂಪಿನ ಪಕ್ಕ ಬಿಟ್ಟು ಕದಲುವುದಿಲ್ಲ. ಉಳಿದವರು ಪೆನ್ಷನ್ ತೆಗೆದುಕೊಳ್ಳುವವರು. ಆಮೇಲೆ ‘ಜನಕ್ಕೆ ಆಸಕ್ತಿ ಇಲ್ಲ’ ಅಂತ ಮಾತು ಬರುತ್ತದೆ. ಆಸಕ್ತಿ ಎಲ್ಲಿಂದ ಬರಬೇಕು? ಬರಲಾಗದ ಹೊತ್ತಿಗೆ ಕರೆದರೆ ಬರುವುದಿಲ್ಲ, ಅಷ್ಟೇ.

ಒಂದು ಹಳೆಯ ಪ್ರಸಂಗ ಹೇಳುತ್ತೇನೆ. ಊರಿನ ಹೆಸರು ಬೇಡ. ಯುಜಿಡಿ ಲೈನ್, ಅಂದರೆ ನೆಲದೊಳಗಿನ ಒಳಚರಂಡಿ ಪೈಪು ಹಾಕುವ ಮುಂಚೆ ಜನರ ಅಭಿಪ್ರಾಯ ಕೇಳಲು ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ನಡೆಸಿಕೊಡುವ ಕೆಲಸ ನನ್ನದು. ವೇದಿಕೆ ಮೇಲೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ಕೆಳಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಮೊದಲ ಮುಕ್ಕಾಲು ಗಂಟೆ ಪ್ರಾರ್ಥನೆ, ಸ್ವಾಗತ, ಹಾರ. ಆಮೇಲೆ ಎಂಜಿನಿಯರ್ ಗೋಡೆ ಮೇಲೆ ನಕ್ಷೆ ತೋರಿಸಿದರು. ಬಾಗಿಲ ಹತ್ತಿರ ಒಬ್ಬ ಹೆಂಗಸು ಹೂವಿನ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತೇ ಇದ್ದರು. ಕುರ್ಚಿ ಖಾಲಿ ಇತ್ತು, ಕೂರಲಿಲ್ಲ. ಸಭೆ ಮುಗಿದು ನಾನು ಚಪ್ಪಲಿ ಹುಡುಕುತ್ತಿದ್ದಾಗ ಹತ್ತಿರ ಬಂದು, ‘ಸಾರ್, ಆ ಮೂಲೇಲಿ ನೀರು ಮೇಲಕ್ಕೆ ಹತ್ತಬೇಕಾಗುತ್ತೆ ನಿಮ್ ಪೈಪಲ್ಲಿ. ಇಳಿಜಾರು ಈ ಕಡೆ ಇರೋದು. ಮಳೆ ಬಂದಾಗ ನಾವು ನೋಡ್ತೀವಲ್ಲ’ ಅಂದರು. ಒಳಗೇ ಹೇಳಬಹುದಿತ್ತಲ್ಲಮ್ಮ ಅಂದೆ. ‘ಮೈಕ್ ಹಿಡ್ಕೊಂಡು ನಾವೇನ್ ಮಾತಾಡೋದು ಸಾರ್’ ಅಂತ ಹೊರಟೇಬಿಟ್ಟರು. ಮಾರನೇ ದಿನ ಲೆವೆಲ್ ಹಿಡಿಸಿ ನೋಡಿದರೆ ಅವರು ಹೇಳಿದ್ದೇ ಸರಿ.

ಅಷ್ಟಕ್ಕೇ ಮುಗಿಯಲಿಲ್ಲ. ಸಭೆಗೆ ಬಂದವರ ಹತ್ತಿರ ಒಂದು ಪುಸ್ತಕದಲ್ಲಿ ಸಹಿ ಮಾಡಿಸಿದ್ದರು. ಹಾಳೆಯ ಮೇಲ್ಗಡೆ ಏನೂ ಬರೆದಿರಲಿಲ್ಲ. ಎರಡು ವಾರದ ಮೇಲೆ ವರದಿ ನೋಡಿದೆ. ಅದೇ ಸಹಿಗಳ ಮೇಲೆ ‘ಸಾರ್ವಜನಿಕರು ಸರ್ವಾನುಮತದಿಂದ ಒಪ್ಪಿರುತ್ತಾರೆ’ ಅಂತ ಒಂದು ಸಾಲು ಬಂದು ಕೂತಿತ್ತು. ಹಾಜರಾತಿ ಹೋಗಿ ಒಪ್ಪಿಗೆ ಆಗಿತ್ತು. ಅದರಲ್ಲಿ ನನ್ನ ಸಹಿಯೂ ಇತ್ತು! ಅವತ್ತಿನಿಂದ ಮೇಲ್ಗಡೆ ಖಾಲಿ ಇರುವ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ನೀವೂ ಹಾಕಬೇಡಿ. ‘ಸಭೆಗೆ ಬಂದವರ ಹಾಜರಾತಿ ಮಾತ್ರ’ ಅಂತ ನಿಮ್ಮ ಕೈಯಲ್ಲೇ ಬರೆದು, ತಾರೀಖು ಹಾಕಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಈಗ ಕಾನೂನಿಗೆ ಬರೋಣ. ನೀವು ಕೇಳುತ್ತಿರುವುದು ಯಾರ ದಾನವೂ ಅಲ್ಲ ಅಂತ ನಿಮಗೆ ಗೊತ್ತಿರಲಿ. 1992ರ 74ನೇ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ಊರಿನಲ್ಲಿ ವಾರ್ಡ್ ಸಮಿತಿಗಳು ಇರಬೇಕು. 2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಸುಮಾರು 3.02 ಲಕ್ಷ. ಗೆರೆ ಮುಟ್ಟಿ ದಾಟಿದ ಊರು ನಿಮ್ಮದು. ಕರ್ನಾಟಕದ ಪಾಲಿಕೆ ಕಾಯ್ದೆ 1976ರದ್ದು. ಅದಕ್ಕೆ 2011ರಲ್ಲಿ ತಿದ್ದುಪಡಿ ತಂದು ವಾರ್ಡಿಗೊಂದು ಸಮಿತಿ, ಅದರ ಕೆಳಗೆ ಏರಿಯಾ ಸಭೆ ಅಂತ ಎರಡು ಮೆಟ್ಟಿಲು ಸೇರಿಸಿದರು. ಸಮಿತಿಗೆ ಕಾರ್ಪೊರೇಟರೇ ಅಧ್ಯಕ್ಷರು. ಜೊತೆಗೆ 10 ಜನ ಸದಸ್ಯರು: ಅವರಲ್ಲಿ ಕನಿಷ್ಠ 3 ಹೆಂಗಸರು, 2 ಜನ ಪರಿಶಿಷ್ಟ ಜಾತಿ ಅಥವಾ ಪಂಗಡದವರು, 2 ಜನ ನಿವಾಸಿಗಳ ಸಂಘದವರು. ಏರಿಯಾ ಸಭೆಗೆ ಆ ಜಾಗದ ಮತದಾರರೆಲ್ಲರೂ ಸದಸ್ಯರು. ಹಳ್ಳಿಗೆ ಗ್ರಾಮಸಭೆ ಇದ್ದ ಹಾಗೆ ಊರಿಗೂ ಒಂದು ಇರಲಿ ಅನ್ನುವುದು ಇದರ ಹಿಂದಿನ ಯೋಚನೆ. 

ಬೇರೆ ಬಾಗಿಲುಗಳೂ ಇವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಕನಿಷ್ಠ 40 ಪರ್ಸೆಂಟ್ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅದೂ ವ್ಯಾಪಾರಿಗಳೇ ಮತ ಹಾಕಿ ಆರಿಸಿದವರು. ತುಮಕೂರು 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತಲ್ಲ, ಆ ಯೋಜನೆಯ ಮಾರ್ಗಸೂಚಿಯಲ್ಲೂ ನಗರ ಮಟ್ಟದ ಸಲಹಾ ವೇದಿಕೆಯೊಂದಿತ್ತು. ನಿವಾಸಿಗಳ ಸಂಘ, ತೆರಿಗೆದಾರರ ಸಂಘ, ಕೊಳೆಗೇರಿ ಒಕ್ಕೂಟಗಳಿಗೆ ಅದರಲ್ಲಿ ಜಾಗ ಇರಬೇಕು ಅಂತ ಬರೆದಿತ್ತು. ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದರೆ ಸಲಹೆ, ಆಕ್ಷೇಪ ಕೊಡಲು 60 ದಿನ ಇರುತ್ತದೆ.

ಬಾಗಿಲು ಇರಬೇಕು ಅಂತ ಈ ಕಾನೂನುಗಳು ಹೇಳುತ್ತವೆ, ಒಳಗೆ ಯಾರು ಕೂರಬೇಕು ಅಂತಲೂ ಹೇಳುತ್ತವೆ. ಬಾಗಿಲು ಎಷ್ಟು ಗಂಟೆಗೆ ತೆಗೆಯಬೇಕು, ಬುಟ್ಟಿ ಹೊತ್ತು ನಿಂತವರನ್ನು ಒಳಗೆ ಕರೆಯುವವರು ಯಾರು, ಹೇಳಿದ ಮಾತಿಗೆ ಉತ್ತರ ಕೊಡುವವರು ಯಾರು ಅನ್ನುವುದು ಅಲ್ಲಿಲ್ಲ. ನಿಮ್ಮ ನಿಯಮಕ್ಕೆ ಜಾಗ ಇರುವುದು ಅಲ್ಲಿ. ಅದನ್ನು ದಿಲ್ಲಿಯಲ್ಲೋ ವಿಧಾನಸೌಧದಲ್ಲೋ ಕೂತು ಬರೆಯಲು ಆಗುವುದೂ ಇಲ್ಲ. ಮರಳೂರಿನಲ್ಲಿ ನೀರು ಯಾವ ದಿನ ಬರುತ್ತದೆ ಅಂತ ಅವರಿಗೇನು ಗೊತ್ತು?

ಜನರೇ ಆಟದ ನಿಯಮ ಬರೆದ ಊರುಗಳು ಇವೆ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಎಲ್ಲರಿಗಿಂತ ಹೆಸರುವಾಸಿ. 1989ರಲ್ಲಿ ಅಲ್ಲಿ ನಗರದ ಬಜೆಟ್ಟಿನ ಒಂದು ಭಾಗವನ್ನು ಜನರ ಮುಂದೆ ಇಟ್ಟು, ಯಾವ ಕೆಲಸ ಮೊದಲು ಅಂತ ಕೇಳುವ ಪದ್ಧತಿ ಶುರುವಾಯಿತು. ಊರನ್ನು 16 ಭಾಗ ಮಾಡಿ ಭಾಗಕ್ಕೊಂದು ಸಭೆ. ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಆ ಸಭೆಗಳು ಹೇಗೆ ನಡೆಯಬೇಕು, ಪ್ರತಿನಿಧಿಗಳನ್ನು ಹೇಗೆ ಆರಿಸಬೇಕು, ದುಡ್ಡನ್ನು ಯಾವ ಲೆಕ್ಕದಲ್ಲಿ ಹಂಚಬೇಕು ಅನ್ನುವ ನಿಯಮಾವಳಿಯನ್ನು ಜನರ ಪ್ರತಿನಿಧಿಗಳೇ ಪ್ರತಿ ವರ್ಷ ಕೂತು ತಿದ್ದುತ್ತಿದ್ದರು. ಹಂಚುವ ಲೆಕ್ಕದಲ್ಲಿ ಮೂರು ವಿಷಯ ನೋಡುತ್ತಿದ್ದರು. ಆ ಭಾಗದಲ್ಲಿ ಸೌಲಭ್ಯ ಎಷ್ಟು ಕಮ್ಮಿ ಇದೆ, ಜನ ಎಷ್ಟಿದ್ದಾರೆ, ಅಲ್ಲಿನವರು ಯಾವುದು ಮೊದಲು ಬೇಕು ಅಂದರು. ಒಂದೊಂದಕ್ಕೂ ಅಂಕ. ಯಾವುದಕ್ಕೆ ಎಷ್ಟು ಅಂಕ ಅನ್ನುವುದೇ ದೊಡ್ಡ ಜಗಳ. ಆ ಜಗಳ ಎಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ಅದೂ ಶಾಶ್ವತವಾಗಿ ಉಳಿಯಲಿಲ್ಲ ಅನ್ನಿ, ಆಡಳಿತ ಬದಲಾಗುತ್ತಾ ಸೊರಗಿ 2017ರಲ್ಲಿ ನಿಂತಿತು. ಬಾರ್ಸಿಲೋನಾದವರು 2016ರಲ್ಲಿ ಇದೇ ಯೋಚನೆಯನ್ನು ಕಂಪ್ಯೂಟರಿಗೆ ತಂದರು. ಜನ ಸಲಹೆ ಕೊಡುವ ಡಿಸಿಡಿಮ್ ಅನ್ನುವ ತಂತ್ರಾಂಶ ಹೇಗಿರಬೇಕು ಅಂತ ತೀರ್ಮಾನಿಸಲು ಬಳಸುವವರದ್ದೇ ಒಂದು ಕೂಟ ಮಾಡಿದರು. ನಮ್ಮ ಹತ್ತಿರದ ಪುಣೆಯಲ್ಲಿ 2006ರಿಂದ ಜನ ತಮ್ಮ ಬಡಾವಣೆಯ ಸಣ್ಣ ಕೆಲಸಗಳನ್ನು ಫಾರಂ ತುಂಬಿ ಬಜೆಟ್ಟಿಗೆ ಸೂಚಿಸುವ ಪದ್ಧತಿ ಇದೆ. ಆದರೆ ಫಾರಂ ಪಾಲಿಕೆಯದ್ದು, ನಿಯಮವೂ ಪಾಲಿಕೆಯದ್ದು.

ಸರಿ, ಈಗ ‘ನಾವು’. ನಿಮ್ಮ ಸಂಘಕ್ಕೆ ಬಾಡಿಗೆದಾರರು ಸದಸ್ಯರಾಗಬಹುದೇ? ನನಗೆ ಗೊತ್ತಿರುವ ಬಹಳಷ್ಟು ಕ್ಷೇಮಾಭಿವೃದ್ಧಿ ಸಂಘಗಳಲ್ಲಿ ಸೈಟು, ಮನೆ ಇದ್ದವರಿಗೆ ಮಾತ್ರ ಜಾಗ. ತುಮಕೂರಿನಂಥ ಊರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು, ಫ್ಯಾಕ್ಟರಿ ಕೆಲಸಕ್ಕೆ ಬೇರೆ ಕಡೆಯಿಂದ ಬಂದವರು, ಮಕ್ಕಳ ಓದಿಗೆ ಅಂತ ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬಂದು ಮನೆ ಹಿಡಿದವರು ಎಷ್ಟು ಜನ! ಅವರ ಮನೆಯಿಂದಲೂ ಕಸ ಹೋಗುತ್ತದೆ, ಅವರೂ ಅದೇ ಬೀದಿಯ ಗುಂಡಿಯಲ್ಲಿ ಗಾಡಿ ಇಳಿಸುತ್ತಾರೆ. ನಾಲ್ಕು ಸಂಘದ ಎಂಟು ಪದಾಧಿಕಾರಿಗಳು ಕೂತು ನಿಯಮ ಬರೆದರೆ ಅದು ಎಂಟು ಮನೆ ಯಜಮಾನರ ನಿಯಮ ಆಗುತ್ತದೆ. ನಾಳೆ ಪಾಲಿಕೆಯವರೇ, ‘ನೀವು ಯಾರನ್ನು ಕೇಳಿ ಬರೆದಿರಿ ಸ್ವಾಮಿ?’ ಅಂದರೆ ಏನು ಹೇಳುತ್ತೀರಿ?

ಅದಕ್ಕೇ ಪೆನ್ನು ಕೆಳಗಿಟ್ಟು ಮೊದಲು ಒಂದು ತಿಂಗಳು ಸುಮ್ನೆ ಕೇಳಿ. ರಸ್ತೆ ಬೇಕಾ, ಚರಂಡಿ ಬೇಕಾ ಅಂತ ಕೇಳಬೇಡಿ. ಕೇಳಿದರೆ ಎಲ್ಲಾ ಬೇಕು ಅಂತಾರೆ, ಆ ಪಟ್ಟಿ ಹಿಡಿದು ನೀವೇನೂ ಮಾಡಲಾರಿರಿ. ‘ಇಂಥ ವಿಷಯ ನಿಮಗೆ ಯಾರಿಂದ ತಿಳಿಯುತ್ತೆ? ಯಾವ ಹೊತ್ತಿಗೆ, ಎಲ್ಲಿ ಕರೆದರೆ ಬರ್ತೀರಿ? ಎಲ್ಲರ ಮುಂದೆ ಹೇಳ್ತೀರಾ, ಒಬ್ಬರ ಹತ್ತಿರ ಹೇಳ್ತೀರಾ? ಹೇಳಿದ ಮೇಲೆ ಏನಾಯ್ತು ಅಂತ ಹೇಗೆ ಗೊತ್ತಾಗಬೇಕು?’ ಇಷ್ಟು ಕೇಳಿದರೆ ಸಾಕು. ಬರೆದುಕೊಳ್ಳಲು 100 ಪುಟದ ಒಂದು ನೋಟ್‌ಬುಕ್. ಸರ್ವೆ ಫಾರಂ ಮಾಡಬೇಡಿ. ಫಾರಂ ನೋಡಿದರೆ ಜನ ರೇಷನ್ ಕಾರ್ಡಿನ ವಿಚಾರಣೆ ಅಂದುಕೊಳ್ಳುತ್ತಾರೆ.

ಯಾರನ್ನು ಕೇಳಬೇಕು? ಮೊದಲು ನೀರು ಬಿಡುವ ವಾಲ್ವ್‌ಮನ್‌ನನ್ನು. ತಮಾಷೆ ಮಾಡುತ್ತಿಲ್ಲ. ಯಾವ ಬೀದಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಬೀದಿಯವರು ಜಗಳ ಆಡದೆ ಸುಮ್ಮನಿರುತ್ತಾರೆ ಅಂತ ಅವನಿಗೆ ಗೊತ್ತಿರುವಷ್ಟು ಕಾರ್ಪೊರೇಟರಿಗೂ ಗೊತ್ತಿರುವುದಿಲ್ಲ. ಜಗಳ ಆಡದ ಬೀದಿಗೆ ಮೊದಲು ಹೋಗಿ. ಆಮೇಲೆ ಕಸದ ಗಾಡಿಯವರು, ಪೌರಕಾರ್ಮಿಕರು, ಅಂಗನವಾಡಿ ಟೀಚರು, ಸ್ತ್ರೀಶಕ್ತಿ ಸಂಘದ ವಾರದ ಸಭೆ. ಸಂಜೆ ರೈಲು ಬರುವ ಹೊತ್ತಿಗೆ ಸ್ಟೇಷನ್ ಮುಂದೆ ನಿಂತರೆ ಪಾಸಿನವರು ಸಿಗುತ್ತಾರೆ. ಎರಡು ನಿಮಿಷ ಕೊಡುತ್ತಾರೆ, ಜಾಸ್ತಿ ಕೊಡುವುದಿಲ್ಲ. ಬೆಳಗ್ಗೆ ಅಮಾನಿಕೆರೆ ಸುತ್ತ ವಾಕಿಂಗ್ ಮಾಡುವವರನ್ನು ಕೊನೆಗೆ ಇಟ್ಟುಕೊಳ್ಳಿ. ಅವರು ನಿಮ್ಮ ಪರಿಚಯದವರೇ, ಕೇಳದಿದ್ದರೂ ಹೇಳುತ್ತಾರೆ!

ಕೇಳಿದ ಮೇಲೆ ಬರೆಯುವ ಗುಂಪು. ಅದರಲ್ಲಿ ಅರ್ಧ ಜನರನ್ನು ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ ಅಂತ ನನ್ನ ಸಲಹೆ. ಸಂಘದವರು ನಗುತ್ತಾರೆ, ನಗಲಿ. ತಮಿಳುನಾಡಿನ ಉತ್ತಿರಮೇರೂರಿನಲ್ಲಿ ಸಾವಿರ ವರ್ಷದ ಹಿಂದೆಯೇ ಮಡಕೆಯಲ್ಲಿ ಓಲೆ ಹಾಕಿ ಊರ ಸಮಿತಿಗೆ ಜನರನ್ನು ಎತ್ತುತ್ತಿದ್ದರು, ಶಾಸನವೇ ಇದೆ. ಚೀಟಿ ವ್ಯವಹಾರ ಮಾಡುವ ನಮಗೆ ಇದು ಹೊಸದೇನಲ್ಲ. ಒಂದೇ ತೊಡಕು: ಬಾಡಿಗೆಗೆ ಬಂದವರ ಹೆಸರು ಎಷ್ಟೋ ಸಲ ಸ್ವಂತ ಊರಿನ ಪಟ್ಟಿಯಲ್ಲೇ ಇರುತ್ತದೆ. ಅವರನ್ನು ಬೇರೆಯಾಗಿ ಹುಡುಕಿ ಸೇರಿಸಬೇಕು.

ನಿಯಮ ಎರಡು ಪುಟ ಮೀರಬಾರದು. ಕನ್ನಡ ಕಚೇರಿ ಕನ್ನಡ ಆಗಬಾರದು. ಅದರಲ್ಲಿ ಮುಖ್ಯವಾಗಿ ಬರಬೇಕಾದದ್ದು ನನ್ನ ಪ್ರಕಾರ ಒಂದೇ: ಪ್ರತಿ ಸಭೆಯ ಕರಪತ್ರದ ಮೇಲೆ, ಇವತ್ತು ಯಾವುದು ನಿಮ್ಮ ಕೈಯಲ್ಲಿದೆ, ಯಾವುದು ಇಲ್ಲ ಅಂತ ಮೊದಲೇ ಬರೆದಿರಬೇಕು. ನೀರನ್ನೇ ತೆಗೆದುಕೊಳ್ಳಿ. ತುಮಕೂರಿಗೆ ಕುಡಿಯುವ ನೀರು ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಊರಿಗೆ ಬರಬೇಕು. ನಾಲೆಗೆ ಎಷ್ಟು ಬಿಡುತ್ತಾರೆ ಅನ್ನುವುದು ವಾರ್ಡಿನ ಸಭೆಯ ಕೈಯಲ್ಲಿಲ್ಲ, ಪಾಲಿಕೆಯ ಕೈಯಲ್ಲೂ ಇಲ್ಲ. ಬಂದ ನೀರನ್ನು ಯಾವ ಬೀದಿಗೆ ಯಾವ ದಿನ, ಎಷ್ಟು ಹೊತ್ತಿಗೆ ಬಿಡಬೇಕು ಅನ್ನುವುದು ಇಲ್ಲೇ ತೀರ್ಮಾನ ಆಗುವ ವಿಷಯ. ಇದನ್ನು ಮೊದಲೇ ಹೇಳದಿದ್ದರೆ ಎರಡು ಗಂಟೆ ಹೇಮಾವತಿ ಬಗ್ಗೆ ಭಾಷಣ ಆಗುತ್ತದೆ, ರಾತ್ರಿ ಎರಡು ಗಂಟೆಗೆ ಎದ್ದು ನೀರು ಹಿಡಿಯುವವರ ಮಾತು ಬರುವುದೇ ಇಲ್ಲ. ತೀರ್ಮಾನ ಆಗಿಹೋದ ವಿಷಯವಾದರೆ ‘ಇದು ಮಾಹಿತಿಗಾಗಿ ಮಾತ್ರ’ ಅಂತ ಬರೆಯಲಿ. ಜನ ಸಿಟ್ಟಾಗಬಹುದು. ಸುಳ್ಳು ಹೇಳಿ ಕರೆದಾಗ ಬರುವ ಸಿಟ್ಟಿಗಿಂತ ಅದು ವಾಸಿ.

ಇನ್ನೊಂದು, ಉತ್ತರ. ಮನವಿಗೆ ಹಿಂಬರಹ ಕೊಡುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಇದೆಯಲ್ಲ, ಅದನ್ನೇ ಸಭೆಗೂ ತನ್ನಿ. ಸಭೆಯಲ್ಲಿ ಬಂದ ಒಂದೊಂದು ಮಾತಿಗೂ 30 ದಿನದೊಳಗೆ ‘ಆಗುತ್ತೆ, ಇಂಥ ತಿಂಗಳು’, ‘ಆಗಲ್ಲ, ಇಂಥ ಕಾರಣಕ್ಕೆ’, ‘ನಮ್ಮದಲ್ಲ, ಇಂಥ ಇಲಾಖೆಗೆ ಕಳಿಸಿದ್ದೇವೆ’ ಅಂತ ಮೂರರಲ್ಲಿ ಒಂದು ಉತ್ತರ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿದವರಿಗೆ 30 ದಿನದಲ್ಲಿ ಉತ್ತರ ಕೊಡಬೇಕಾದರೆ, ಕರೆದು ಕೇಳಿಸಿಕೊಂಡವರಿಗೆ ಯಾಕೆ ಆಗಬಾರದು? ಉತ್ತರ ನೋಟಿಸ್ ಬೋರ್ಡಿನಲ್ಲಿ ಮಾತ್ರ ಅಂಟಿಸಿದರೆ ಸಾಲದು. ನ್ಯಾಯಬೆಲೆ ಅಂಗಡಿ ಬಾಗಿಲಿಗೆ, ಹಾಲಿನ ಬೂತಿಗೆ ಅಂಟಿಸಲಿ. ಕಸದ ಗಾಡಿಯ ಮೈಕಿನಲ್ಲಿ ಹಾಡಿನ ಮಧ್ಯೆ ಒಂದು ಸಲ ಹೇಳಲಿ. ವಾಟ್ಸಾಪ್ ಗ್ರೂಪ್ ಇರಲಿ, ಆದರೆ ಅದನ್ನೇ ಸಭೆ ಅಂದುಕೊಳ್ಳಬೇಡಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ಕೆಳಗೆ ಎಷ್ಟು ಒಳ್ಳೆಯ ದೂರುಗಳು ಹೂತುಹೋಗಿವೆಯೋ.

ಸಭೆಯ ಹೊತ್ತು, ಜಾಗ, ವೇದಿಕೆ ಬೇಡ, ಹಾರ ಬೇಡ, ಹಾಜರಾತಿ ಬೇರೆ ಒಪ್ಪಿಗೆ ಬೇರೆ, ಇವೆಲ್ಲ ಒಂದೊಂದು ಸಾಲಿನಲ್ಲಿ ಮುಗಿಯುತ್ತವೆ. ಮೈಕಿಗೆ ಹೆದರುವವರಿಗೆ ಸಣ್ಣ ಗುಂಪುಗಳಲ್ಲಿ ಕೂರಿಸಿ ಒಬ್ಬರು ಬರೆದುಕೊಳ್ಳುವ ಏರ್ಪಾಡು ಇರಲಿ.

ಪಾಲಿಕೆಗೆ ಕೊಡುವುದು ಹೇಗೆ? ಒಳ್ಳೆಯ ಆಯುಕ್ತರು ಸಿಕ್ಕಿದರೆ ಒಂದು ಸುತ್ತೋಲೆ ಹೊರಡಿಸಿಯೇ ಬಿಡುತ್ತಾರೆ. ನಿಮಗೆ ಖುಷಿ ಆಗುತ್ತದೆ. ಅವರಿಗೆ ವರ್ಗಾವಣೆ ಆದ ದಿನ ಸುತ್ತೋಲೆಯೂ ಅವರ ಜೊತೆ ಗಂಟುಮೂಟೆ ಕಟ್ಟುತ್ತದೆ. ಅದಕ್ಕೇ ಕೌನ್ಸಿಲ್ ಸಾಮಾನ್ಯ ಸಭೆಯಲ್ಲಿ ವಿಷಯ ಬಂದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಚುನಾಯಿತ ಕೌನ್ಸಿಲ್ ಇಲ್ಲದೆ ಆಡಳಿತಾಧಿಕಾರಿ ಇರುವ ಕಾಲವಾದರೆ ಅವರ ಆದೇಶ ತೆಗೆದುಕೊಳ್ಳಿ, ಹೊಸ ಕೌನ್ಸಿಲ್ ಬಂದ ಕೂಡಲೇ ಅದರ ಮುಂದೆ ಮತ್ತೆ ಇಡಿಸಿ. ಕಾರ್ಪೊರೇಟರುಗಳಿಗೆ ಇದು ತಮ್ಮ ತಲೆ ಮೇಲೆ ಕೂರುವ ಹುನ್ನಾರ ಅನ್ನಿಸುತ್ತದೆ, ಅದು ಸಹಜ. ಮೊದಲೇ ಹೋಗಿ ಮಾತಾಡಿ. ನಾನು ಕಂಡಂತೆ ಅವರಿಗೆ ಹಿಡಿಸುವ ಮಾತು ಒಂದಿದೆ: 30 ದಿನದ ಉತ್ತರ ಬಂದರೆ ಬೆಳಗ್ಗೆ ಆರಕ್ಕೆ ಅವರ ಮನೆ ಬಾಗಿಲು ತಟ್ಟುವವರು ಕಮ್ಮಿ ಆಗುತ್ತಾರೆ.

ಕಾಲದ ಲೆಕ್ಕ ಹೀಗೆ ಹಾಕಿಕೊಳ್ಳಿ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೂ ಎರಡು ಮೂರು ತಿಂಗಳು ಮುಂಚೆ ಬಜೆಟ್ ಪೂರ್ವಭಾವಿ ಸಭೆ ಕರೆಯುವ ರೂಢಿ ಇದೆ. ನೀವು ದಸರಾ ಮುಗಿದ ಮೇಲೆ ಕೇಳಲು ಹೊರಟರೆ, ದೀಪಾವಳಿ ಕಳೆದು ಬರೆಯಲು ಕೂತರೆ, ಆ ಪೂರ್ವಭಾವಿ ಸಭೆಯಲ್ಲೇ ನಿಯಮವನ್ನು ಕೆಲವು ವಾರ್ಡುಗಳಲ್ಲಿ ಪ್ರಯೋಗ ಮಾಡಬಹುದು. 35 ವಾರ್ಡಿಗೂ ಒಟ್ಟಿಗೆ ಹೋಗಬೇಡಿ. ಕ್ಯಾತಸಂದ್ರದ ಕಡೆಯದೊಂದು, ಚಿಕ್ಕಪೇಟೆಯಂಥ ಹಳೇ ಪೇಟೆಯದೊಂದು, ಹೊಸ ಬಡಾವಣೆಯದೊಂದು, ಮೂರು ಸಾಕು. ಮೂರರ ಅನುಭವ ಮೂರು ತರ ಇರುತ್ತದೆ. ವರ್ಷಕ್ಕೊಮ್ಮೆ ನಿಯಮವನ್ನೇ ತಿದ್ದುವ ಸಭೆ ಅಂತ ಕೊನೆಯ ಸಾಲಿನಲ್ಲಿ ಬರೆದುಬಿಡಿ, ತಿಂಗಳ ಹೆಸರಿನ ಸಮೇತ. ಹೆಸರು ಬರೆಯದಿದ್ದರೆ ಆ ತಿಂಗಳು ಬರುವುದೇ ಇಲ್ಲ.

ಮೊದಲ ಸಭೆಯ ದಿನ ಗೊತ್ತು ಮಾಡುವಾಗ ಸಂಘದ ಕ್ಯಾಲೆಂಡರ್ ನೋಡಬೇಡಿ. ವಾಲ್ವ್‌ಮನ್‌ಗೆ ಫೋನ್ ಮಾಡಿ, ಅವತ್ತು ಯಾವ ಬೀದಿಗೆ ನೀರು ಅಂತ ಕೇಳಿ.